ಲಕೋಟೆಯ ಮೇಲಿನ ಮುದ್ರೆ

ನನ್ನ ಕಪ್ಪು ಟ್ರಂಕಿನಲ್ಲಿ ಕಾಗದಗಳಿಗಿಂತ ಖಾಲಿ ಲಕೋಟೆಗಳೇ ಹೆಚ್ಚು. ಇಪ್ಪತ್ನಾಲ್ಕು ವರ್ಷ ಪಲ್ಟನ್ನಿನಲ್ಲಿ ಕ್ಲರ್ಕ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತಿಯಾದ ಮೇಲೆ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಕೂತು ಮಾಜಿ ಸೈನಿಕರ ಅರ್ಜಿ ಬರೆದುಕೊಡುತ್ತೇನೆ. ಡಿಸೆಬಿಲಿಟಿ ಪೆನ್ಶನ್ ಕೊಡಲಾಗದು ಎಂಬ ಪತ್ರ ಹಿಡಿದು ಬಂದವರನ್ನು ಮೊದಲು ಕೇಳುವುದು ಒಂದೇ ಮಾತು: ‘ಲಕೋಟಿ ಎಲ್ಲೈತ್ರಿ?’ ಪತ್ರದೊಳಗೆ ಕಚೇರಿಯವರು ಹಾಕಿದ ತಾರೀಖು ಇರುತ್ತದೆ. ಅದು ನಮ್ಮೂರಿಗೆ ಬಂದು ಮುಟ್ಟಿದ ತಾರೀಖು ಅಂಚೆ ಮುದ್ರೆಯಲ್ಲಿ ಮಾತ್ರ. ಹಳೆಯ ವಿಳಾಸಕ್ಕೆ ಹೋಗಿ, ರೆಕಾರ್ಡ್ಸ್ ಆಫೀಸಿಗೆ ಮರಳಿ, ಮತ್ತೆ ಊರಿಗೆ ಬರುವಷ್ಟರಲ್ಲಿ ಮೂರು ತಿಂಗಳು ಕಳೆದದ್ದನ್ನು ಕಂಡಿದ್ದೇನೆ. ಮೇಲ್ಮನವಿಗೆ ಕೊಟ್ಟ ಅವಧಿಯೇ ಆರು ತಿಂಗಳು.

ಆರು ತಿಂಗಳು ಸಾಕಲ್ಲ ಎಂದು ಹೊರಗಿನವರಿಗೆ ಅನ್ನಿಸೀತು. ಕಾಗದ ಇಂಗ್ಲಿಷಿನಲ್ಲಿರುತ್ತದೆ. ಯಾರ ಹೆಸರಿಗೆ ಬಂದಿದೆಯೋ ಅವನೇ ಹಾಸಿಗೆ ಹಿಡಿದಿರುತ್ತಾನೆ. ಮುಂಗಾರಿ ಬಿತ್ತಿಗೆ ಬಂತೆಂದರೆ ಗಿಳಿಗೂಟಕ್ಕೆ ಸಿಕ್ಕಿಸಿದ ಕಾಗದ ಸುಗ್ಗಿಯವರೆಗೂ ಅಲ್ಲೇ.

ನಮ್ಮ ಮನೆಯಲ್ಲಿ ಅಂಥ ಕಾಗದ ದೇವರ ಜಗಲಿಯ ಮೇಲಿತ್ತು. ನನ್ನ ಅಣ್ಣ ಮಿಲ್ಟ್ರಿ ಸೇರಿದ ಎಂಟನೆಯ ವರ್ಷ, 1991ರಲ್ಲಿ, ಮೂರ್ಛೆರೋಗವೆಂದು ಬೋರ್ಡ್ ಔಟ್ ಆಗಿ, ಅಂದರೆ ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾಗಿ, ಬಂದ. ವೈಕಲ್ಯ ಶೇ. 20 ಎಂದು ಮೆಡಿಕಲ್ ಬೋರ್ಡ್ ಬರೆದಿತ್ತು. ಪೆನ್ಶನ್ ಇಲ್ಲವೆಂಬ ಪತ್ರ ಬಂದಾಗ ನಾನು ಉತ್ತರದ ಗಡಿಯಲ್ಲಿದ್ದೆ. ಸರಕಾರದ ಕಾಗದ, ಹರಿಯಬಾರದು ಎಂದು ಅವ್ವ ಅದನ್ನು ಭಕ್ತಿಯಿಂದ ಜಗಲಿಯ ಮೇಲಿಟ್ಟಳು. ರಜೆಗೆ ಬಂದು ನಾನು ಓದಿದಾಗ ಒಂಬತ್ತನೆಯ ತಿಂಗಳು ನಡೆದಿತ್ತು. ‘ಮುಗೀತಲ್ಲೋ ತಮ್ಮಾ’ ಎಂದ ಅಣ್ಣ. ಮುಗಿಯಿತು ಎಂದೇ ನಾನೂ ನಂಬಿದೆ. ಕ್ಲರ್ಕ್ ಆಗಿದ್ದೂ ನಂಬಿದೆನಲ್ಲ ಎಂಬ ಸಂಕಟವೇ ನನ್ನನ್ನು ಈ ಹಳೆಯ ಕಾಯಿದೆಗಳ ಬೆನ್ನು ಹತ್ತಿಸಿತು.

ಬ್ರಿಟಿಷರ ಕಾಲದಲ್ಲಿ ಪಿಂಚಣಿ ಎಂದರೆ ದೊರೆಯ ದಾನ. 1871ರ ಪಿಂಚಣಿ ಕಾಯಿದೆಯ ನಾಲ್ಕನೆಯ ಕಲಮು ಪಿಂಚಣಿಯ ವಿಷಯಕ್ಕೆ ಸಿವಿಲ್ ಕೋರ್ಟಿನ ಬಾಗಿಲನ್ನೇ ಮುಚ್ಚಿತ್ತು. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾದ ಕುತ್ ಪಟ್ಟಣದಲ್ಲಿ ಸಿಕ್ಕಿಬಿದ್ದು, 1916ರ ಏಪ್ರಿಲ್‌ನಲ್ಲಿ ಹಸಿವಿನಿಂದ ಶರಣಾದವು. ಅಂಥ ಯುದ್ಧದಿಂದ ಕೈಕಾಲು ಕಳೆದುಕೊಂಡು ಬಂದವರಿಗೆ ಕಸುಬು ಕಲಿಸಲು 1917ರಲ್ಲಿ ಕ್ವೀನ್ ಮೇರಿ ಹೆಸರಿನ ಶಾಲೆ ಶುರುವಾಯಿತು. ಅದು ಈಗ ಪುಣೆಯ ಖಡ್ಕಿಯಲ್ಲಿದೆ. ಶಾಲೆ ಕೊಟ್ಟರು ನಿಜ. ಆದರೆ ಕೊಟ್ಟ ರೊಕ್ಕ ಕಡಿಮೆಯಾಯಿತು, ಅಥವಾ ಕೊಡಲೇ ಇಲ್ಲ ಎಂದು ಕೇಳುವ ಹಕ್ಕು ಸಿಪಾಯಿಗೆ ಇರಲಿಲ್ಲ. ಕೈಮುಗಿದು ಅರ್ಜಿ ಹಾಕಬಹುದಿತ್ತು, ಅಷ್ಟೇ.

ಪಿಂಚಣಿ ಯಾರ ದಯೆಯೂ ಅಲ್ಲ, ಅದು ನೌಕರನ ಆಸ್ತಿ ಎಂದು ಸುಪ್ರೀಂ ಕೋರ್ಟು ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿದ್ದು 1971ರಲ್ಲಿ. ಸರಿಯಾಗಿ ನೂರು ವರ್ಷ ಹಿಡಿಯಿತು. 1982ರ ಡಿಸೆಂಬರ್ 17ರಂದು ಅದೇ ಕೋರ್ಟಿನ ನಕಾರಾ ತೀರ್ಪು ಅದನ್ನೇ ಮತ್ತೆ ಗಟ್ಟಿ ಮಾಡಿತು. ಪಿಂಚಣಿದಾರರು ಆ ದಿನವನ್ನು ಇಂದಿಗೂ ಆಚರಿಸುತ್ತಾರೆ. ಅಣ್ಣ ಸೇವೆ ಬಿಟ್ಟಾಗ ಜಾರಿಯಲ್ಲಿದ್ದ ಸೈನಿಕರ ವೈಕಲ್ಯದ ಅರ್ಹತಾ ನಿಯಮಗಳೂ ಅದೇ 1982ರವು. ಅವುಗಳ ಒಂಬತ್ತನೆಯ ನಿಯಮವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅರ್ಹತೆಯನ್ನು ಸಾಬೀತು ಮಾಡುವ ಭಾರ ಅರ್ಜಿದಾರನ ಮೇಲಿಲ್ಲ, ಸಂಶಯವಿದ್ದರೆ ಅದರ ಲಾಭ ಅವನಿಗೇ ಸಿಗಬೇಕು ಎನ್ನುತ್ತದೆ ಅದು. ಎಂಥ ದೊಡ್ಡ ಮಾತು! ಅಣ್ಣನಿಗೆ ಪತ್ರ ಬಂದಾಗ ಈ ನಿಯಮಕ್ಕೆ ಒಂಬತ್ತು ವರ್ಷ ವಯಸ್ಸಾಗಿತ್ತು. ಪತ್ರದಲ್ಲಿ ಅದರ ಸುಳಿವಿರಲಿಲ್ಲ.

ಪತ್ರದಲ್ಲಿದ್ದದ್ದು ಒಂದೇ ಸಾಲು: ರೋಗ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಂಗ್ಲಿಷಿನ ನಾಲ್ಕು ಮೊದಲಕ್ಷರ ಕೂಡಿಸಿ ಕ್ಲರ್ಕರು ಇದನ್ನು ‘ನಾನಾ’ ಎನ್ನುತ್ತಾರೆ. ಭರ್ತಿಯಾಗುವ ದಿನ ಓಡಿಸಿ, ಎದೆ ಅಳೆದು, ಕಣ್ಣು ಕಿವಿ ನೋಡಿ ತೆಗೆದುಕೊಂಡ ಹುಡುಗ. ಆಗ ಇಲ್ಲದ ರೋಗ ಆಮೇಲೆ ಬಂದರೆ, ಅದು ಹುಟ್ಟಿನಿಂದಲೇ ಬಂದದ್ದು ಎಂದು ಕಾರಣ ಕೊಡದೆ ಬರೆಯಬಹುದೇ?

ಈ ಪ್ರಶ್ನೆಗೆ ಉತ್ತರ ಬಂದದ್ದು 2013ರ ಜುಲೈನಲ್ಲಿ. 1985ರಲ್ಲಿ ಸಿಗ್ನಲ್ಸ್ ಸೇರಿದ ಧರ್ಮವೀರ ಸಿಂಗ್ ಎಂಬ ಸಿಪಾಯಿಯನ್ನು 1994ರಲ್ಲಿ ಮೂರ್ಛೆಯೆಂದು ಹೊರಗೆ ಕಳಿಸಿದ್ದರು. ವೈಕಲ್ಯ ಶೇ. 20. ಅಣ್ಣನದೇ ರೋಗ, ಅಣ್ಣನದೇ ಅಂಕಿ. ಸೇರುವಾಗಿನ ದಾಖಲೆಯಲ್ಲಿ ರೋಗದ ಟಿಪ್ಪಣಿ ಇಲ್ಲದಿದ್ದರೆ ಅವನು ಆರೋಗ್ಯವಂತನಾಗಿಯೇ ಸೇರಿದ ಎಂದು ತಿಳಿಯಬೇಕು, ಅಲ್ಲವೆನ್ನುವುದಾದರೆ ಬೋರ್ಡೇ ಕಾರಣ ಬರೆಯಬೇಕು ಎಂದಿತು ಸುಪ್ರೀಂ ಕೋರ್ಟು. ಆ ತೀರ್ಪನ್ನು ನಾನು ಅಣ್ಣನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಅವಧಿಯ ಮಾತು? ಅದಕ್ಕೆ ತಾರ್ಸೇಮ್ ಸಿಂಗ್ ಪ್ರಕರಣವಿತ್ತು. 1983ರಲ್ಲಿ ಹೊರಬಿದ್ದ ಆ ಸೈನಿಕ ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಪ್ಪಿಸುವುದು ತಿಂಗಳು ತಿಂಗಳೂ ಮರುಕಳಿಸುವ ಅನ್ಯಾಯ, ಆದ್ದರಿಂದ ತಡವಾಯಿತೆಂದು ಅರ್ಜಿಯನ್ನು ಪೂರ್ತಿ ತಳ್ಳಲಾಗದು. ಆದರೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ ಎಂದು 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಶುರು ಮಾಡಿತು. ಅಲ್ಲಿಯೂ ಕೊನೆಯ ಆದೇಶದಿಂದ ಆರು ತಿಂಗಳೇ ಗಡುವು. ಸರಿಯಾದ ಕಾರಣವಿದ್ದರೆ ವಿಳಂಬ ಮನ್ನಿಸುತ್ತಾರೆ. ಹಾಗಾಗಿ ಅಣ್ಣನ ಅರ್ಜಿ 2014ರಲ್ಲಿ ಹೋಯಿತು, ಪಿಂಚಣಿಯೂ ಬಂತು. ಶೇ. 20 ಇದ್ದದ್ದನ್ನು 50 ಎಂದು ಲೆಕ್ಕ ಹಿಡಿಯುವ ನಿಯಮದ ಲಾಭವೂ ಸಿಕ್ಕಿತು. ಹಿಂಬಾಕಿ ಮೂರು ವರ್ಷದ್ದು. ಅದಕ್ಕೂ ಹಿಂದಿನ ಇಪ್ಪತ್ತು ವರ್ಷ, ಅವನು ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುತ್ತ, ನಡುವೆ ಬಿದ್ದು ಹಲ್ಲು ಮುರಿದುಕೊಳ್ಳುತ್ತ ಕಳೆದ ವರ್ಷಗಳು, ಲೆಕ್ಕಕ್ಕೆ ಬರಲಿಲ್ಲ.

ಆದ್ದರಿಂದಲೇ ನಾನು ದಿನ ಎಣಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ಕಿತ್ತೂರಿನ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಗಂಡ ಬೆನ್ನುಹುರಿಯ ನೋವಿನಿಂದ ಬೋರ್ಡ್ ಔಟ್. ಮೇಲ್ಮನವಿಗೆ ಉಳಿದದ್ದು ಒಂಬತ್ತು ದಿನ. ‘ದವಾಖಾನಿ ಕಾಗದ ಒಂದೂ ಇಲ್ರಿ ಕಾಕಾ, ಅವು ಬಂದಮ್ಯಾಲೆ ಬರೀರಿ’ ಎಂದಳು.

‘ಕಾಗದದ ದಾರಿ ಕಾಯಬ್ಯಾಡವ್ವಾ, ತಾರೀಖು ನಮ್ಮ ದಾರಿ ಕಾಯೂದಿಲ್ಲ’ ಎಂದೆ.

ಒಂದೇ ಪುಟದ ಮೇಲ್ಮನವಿ ಬರೆದೆ. ನಿರ್ಧಾರ ಒಪ್ಪಿಲ್ಲ, ಸೇರುವಾಗ ಈ ನೋವು ಇರಲಿಲ್ಲ, ಬೋರ್ಡ್ ಕಾರಣ ಕೊಟ್ಟಿಲ್ಲ, ವಿವರವಾದ ಅಂಶಗಳು ದಾಖಲೆಗಳೊಂದಿಗೆ ಬರುತ್ತವೆ. ಪತ್ರ ಕೈಸೇರಿದ ದಿನ ಇಂಥದು. ಲಕೋಟೆಯ ಪ್ರತಿ ಜೊತೆಗಿದೆ. ಮೆಡಿಕಲ್ ಬೋರ್ಡಿನ ನಡವಳಿಗೆ ಮಾಹಿತಿ ಹಕ್ಕಿನಡಿ ಬೇರೆಯೇ ಅರ್ಜಿ. ಅಣ್ಣ ಅವಳನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದ. ರಸೀದಿಯ ಮೇಲೆ ಮಳೆಹನಿ ಬೀಳದಂತೆ ಟೊಪ್ಪಿಗೆಯೊಳಗೆ ಇಟ್ಟುಕೊಂಡಿದ್ದ. (2023ರ ಸೆಪ್ಟೆಂಬರ್ ನಂತರ ಸೇವೆ ಬಿಟ್ಟವರಿಗೆ ಹೊಸ ಅರ್ಹತಾ ನಿಯಮಗಳಿವೆ. ಹಳೆಯ ತೀರ್ಪು ನೆಚ್ಚಿಕೊಂಡು ಬರೆಯುವವರು ಬಿಡುಗಡೆಯ ದಿನಾಂಕವನ್ನು ಮೊದಲು ನೋಡಬೇಕು.)

ಆ ಮೊದಲ ಮೇಲ್ಮನವಿ ಬಿದ್ದುಹೋಯಿತು. ಎರಡನೆಯದಕ್ಕೆ ಮತ್ತೆ ಆರು ತಿಂಗಳು. ಈ ಸಲ ಅವಳು ಪತ್ರ ಬಂದ ಮಾರನೆಯ ದಿನವೇ ಮೊದಲ ಬಸ್ಸಿಗೆ ಬಂದಳು. ಲಕೋಟೆಯನ್ನು ಹರಿಯದೆ, ಅಂಚನ್ನು ಬ್ಲೇಡಿನಿಂದ ಬಿಡಿಸಿ, ಹಿಂಬದಿಗೆ ತಾರೀಖು, ವಾರ, ಅಂಚೆಯವ ಬಂದ ಹೊತ್ತು ಬರೆದಿದ್ದಳು. ಕೆಳಗೆ ಗಂಡನ ಸಹಿ, ಪಕ್ಕದ ಮನೆಯವರ ಸಾಕ್ಷಿ.