ಆಯಿಯ ಕರಡಿಗೆ

ಹೋದ ವರ್ಷ ಬೀದರಿನ ಡಾಕ್ಟರು ನನ್ನ ಬಿಪಿ ನೋಡಿ ಗುಳಿಗೆ ಬರೆದರು. ಜೊತೆಗೆ, ‘ದಿನಾ ಹತ್ತು ನಿಮಿಷ ಸುಮ್ಮನೆ ಕೂಡ್ರಿ’ ಅಂದರು. ಔರಾದಿನ ನಮ್ಮ ಆಯಿ ನೆನಪಾದಳು. ನಸುಕಿನಲ್ಲಿ ಮಿಂದು, ವಿಭೂತಿ ಹಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತಳೆಂದರೆ ಮುಗಿಯಿತು, ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಲಿಂಗದ ಕಪ್ಪು ಹೊಳಪಿನಲ್ಲಿ ದೀಪದ ಒಂದು ಚುಕ್ಕೆ. ಅರೆತೆರೆದ ಕಣ್ಣು ಅದರಲ್ಲೇ ನೆಟ್ಟಿರುತ್ತಿತ್ತು. ಉಸಿರು ತಾನಾಗಿ ನಿಧಾನವಾಗುತ್ತಿತ್ತು.

12ನೇ ಶತಮಾನದಲ್ಲಿ ನಮ್ಮ ಕಲ್ಯಾಣದ ಶರಣರು ಪೂಜೆಯನ್ನು ಗುಡಿಯಿಂದ ಅಂಗೈಗೆ ತಂದರು. ಆರೋಗ್ಯಕ್ಕೆಂದು ಮಾಡಿದ್ದಲ್ಲ ಅದು. ಈಗ ಅದನ್ನೇ ‘ಸ್ಟ್ರೆಸ್’ಗೆ ಮದ್ದೆಂದು ಮಾರುವುದು ನನಗಂತೂ ಸೇರುವುದಿಲ್ಲ. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಬಾದಾಮಿ ಹತ್ತಿರ ಶಿವಯೋಗಮಂದಿರ ಕಟ್ಟಿ ಸಾಧಕರಿಗೆ ಅಂಗೈಯ ಲಿಂಗದಲ್ಲಿ ಕಣ್ಣು ನೆಡುವ ಈ ಅಭ್ಯಾಸ ಕಲಿಸಿದರು. ಕಮಲನಗರದಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಆ ಮಂದಿರದಲ್ಲಿ ಕಲಿತು ಭಾಲ್ಕಿ ಹಿರೇಮಠಕ್ಕೆ ಬಂದರು. ನಿಜಾಮರ ಕಾಲ: ಅವರ ಶಾಲೆಯ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ಅಂಥ ಒತ್ತಡದಲ್ಲಿ ದುಡಿದವರು ನೂರು ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು.

ಒಂದೇ ಪದವನ್ನು ಮನಸ್ಸಿನಲ್ಲಿ ಹಿಡಿದು ಕೂತರೆ ಉಸಿರು, ಎದೆಬಡಿತ ಇಳಿಯುತ್ತವೆಂದು ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಪುಸ್ತಕ ಬರೆದದ್ದು 1975ರಲ್ಲಿ. ಆಯಿಗೆ ಹೇಳಿದ್ದರೆ, ‘ಇದಕ್ಕೂ ಪುಸ್ತಕ ಬೇಕೇನಪ್ಪಾ’ ಅಂತಿದ್ದಳು.

ಅವಳ ಲಿಂಗ ಅವಳೊಂದಿಗೇ ಮಣ್ಣಿಗೆ ಹೋಯಿತು. ಅದನ್ನಿಡುತ್ತಿದ್ದ ಬೆಳ್ಳಿ ಕರಡಿಗೆ ನನ್ನ ಬಳಿ ಇದೆ. ಬೆಳಿಗ್ಗೆ ಅದರೆದುರು ಕೂಡುತ್ತೇನೆ, ಗುಳಿಗೆಯನ್ನೂ ಬಿಟ್ಟಿಲ್ಲ.