ಡಿಡಿಟಿ ಹೊಡೆಯುವವರು

ಮಲೆನಾಡಿನ ನಮ್ಮೂರಲ್ಲಿ ಚಳಿಜ್ವರ, ಅಂದರೆ ಮಲೇರಿಯಾ, ಒಂದು ಕಾಲಕ್ಕೆ ಮನೆಮನೆಯ ಕಾಟವಾಗಿತ್ತು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ನನ್ನ ಬಾಲ್ಯದಲ್ಲಿ ಸೊಳ್ಳೆ ಕೊಲ್ಲಲು ಡಿಡಿಟಿ ಕೀಟನಾಶಕ ಹೊಡೆಯುವವರು ಬಂದರೆಂದರೆ ಅಜ್ಜಿ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಅಂಗಳಕ್ಕೆ ಸಾಗಿಸುತ್ತಿದ್ದರು. ಒಬ್ಬ ಬಕೆಟ್ಟಿನಲ್ಲಿಟ್ಟ ಪಂಪು ಒತ್ತಿದರೆ ಇನ್ನೊಬ್ಬ ಗೋಡೆಗೆ ಸಿಂಪಡಿಸುತ್ತಿದ್ದ. ಚದರ ಮೀಟರಿಗೆ 1 ಗ್ರಾಂ ಲೆಕ್ಕ. ಅವರ ಬರಿಗೈಗಳಿಗೆ ಮೊಣಕೈವರೆಗೂ ಬಿಳಿ ಮೆತ್ತಿರುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಇಂಥ ಕೀಟನಾಶಕಗಳಿಗೆ ಕಾನೂನು ಬಂದದ್ದು ಸಾವುಗಳ ಬೆನ್ನಿಗೆ. 1958ರಲ್ಲಿ ಕೇರಳ, ಮದ್ರಾಸುಗಳಲ್ಲಿ ಕೀಟನಾಶಕ ಬೆರೆತ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು. 1968ರ ಕೀಟನಾಶಕ ಕಾಯ್ದೆಗೆ ಆ ದುರಂತವೇ ಮೂಲ. ಇಂದು ದುಡ್ಡು ಪಡೆದು ಕೀಟನಾಶಕ ಹೊಡೆಯುವ ಕಂಪನಿಗೆ ಪರವಾನಗಿ ಬೇಕು, ತರಬೇತಿಯ ಸರ್ಟಿಫಿಕೇಟೂ ಬೇಕು. ಅಂಥ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ಒಂದು.