ಕೊಡಗಿನ ಕಿತ್ತಳೆಯ ತಾಯಿಮರ

ಕಿತ್ತಳೆಯೆಂಬ ಹೆಸರನ್ನು ಬಿಡಿಸಿದರೆ 'ಕಿರಿದಾದ ಈಳೆ' ಎಂದಾಗುವುದು; ಹಿರಿದಾದ ಹೇರಳೆ ಅದರ ಅಣ್ಣ. ಹೆಸರಿನಲ್ಲಿ ಇಷ್ಟು ಅಚ್ಚಗನ್ನಡವಾದ ಈ ಹಣ್ಣಿಗೆ ನಮ್ಮ ನಾಡಿನಲ್ಲಿ ವಿಶೇಷ ಕೀರ್ತಿಯನ್ನು ತಂದುದು ಕೊಡಗು. 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದ ತರುವಾಯ ಅಲ್ಲಿ ಕಾಫಿ ಹಬ್ಬಿತು. ಕಿತ್ತಳೆಯೂ ಮೆಣಸಿನ ಬಳ್ಳಿಯಂತೆ ಕಾಫಿಗೆ ಜೊತೆಗಾರನಾಗಿ ಬೆಳೆಯಿತು. 2005–06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆ ಬರುವ ವೇಳೆಗೆ ಮರಗಳೇ ವಿರಳವಾಗಿದ್ದವು.

ಕೊಡಗಿನ ಹಿರಿಯರು ಕಿತ್ತಳೆಯನ್ನು ಬೆಳೆಸುತ್ತಿದ್ದುದು ಬಹುಮಟ್ಟಿಗೆ ಬೀಜದಿಂದ. ಐನ್‌ಮನೆಯ ಹಿತ್ತಲಿನ ಒಳ್ಳೆಯ ಮರದ ಬೀಜವೇ ಮುಂದಿನ ತಲೆಯ ಮರ. ಮಲಗೋವ ಮಾವಿನ ಓಟೆಯನ್ನು ನೆಟ್ಟವನಿಗೆ ಮಲಗೋವವೇ ಸಿಕ್ಕೀತೆಂಬ ಭರವಸೆಯಿಲ್ಲ, ಕಿತ್ತಳೆಯಲ್ಲಿ ಹಾಗಲ್ಲ. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುದನ್ನು 1719ರಲ್ಲಿಯೇ ಹಾಲೆಂಡಿನ ಲೇವೆನ್‌ಹುಕ್ ಕಂಡಿದ್ದನು. ಅದರ ಮರ್ಮವನ್ನು 1878ರಲ್ಲಿ ಬಿಡಿಸಿದವನು ಜರ್ಮನಿಯ ಸ್ಟ್ರಾಸ್‌ಬರ್ಗರ್: ಒಂದು ಭ್ರೂಣವು ಪರಾಗದ ಫಲವಾದರೆ ಮಿಕ್ಕವು ತಾಯಿಮರದ ಅಂಗಾಂಶದಿಂದಲೇ ಹುಟ್ಟಿದವು. ಈ ಸಸಿಗಳು ತಾಯಿಯ ಪಡಿಯಚ್ಚು. ಶಾಸ್ತ್ರವು ಹೆಸರಿಡುವ ಮೊದಲೇ ಮನೆಯವರ ಕೈಗೆ ಈ ನಂಬುಗೆ ಸಿಕ್ಕಿತ್ತೆಂಬುದು ನನಗೆ ಸೋಜಿಗ.

ಬೀಜದ ಸಸಿಗೆ ಮುಳ್ಳು ಹೆಚ್ಚು, ಫಲಕ್ಕೆ ವಿಳಂಬವೂ ಹೆಚ್ಚು. ಬೇಗ ಫಲ ಬೇಕೆಂದವರು ಬೇರೊಂದು ನಿಂಬೆಯ ಜಾತಿಯ ಬೇರಿನ ಮೇಲೆ ಕಣ್ಣುಕಸಿ ಮಾಡತೊಡಗಿದರು. ಕಸಿಯು ತಪ್ಪಲ್ಲ, ಆದರೆ ಕಣ್ಣಿನ ಸಂಗಡ ಮರದ ರೋಗವೂ ಬರುತ್ತದೆ. ಎಲೆ ಹಳದಿಗೂಡಿ, ರೆಂಬೆ ತುದಿಯಿಂದ ಒಣಗಿ, ಕಾಯಿ ಹಸುರಾಗಿಯೇ ಉಳಿಯುವ ವ್ಯಾಧಿಯು ಕಸಿಯಿಂದ ಹಬ್ಬುವುದೆಂದು 1956ರಲ್ಲಿ ಚೀನದ ಲಿನ್ ಕುಂಗ್ ಶಿಯಾಂಗ್ ತೋರಿಸಿದರು. ಸೈಲಿಡ್ ಎಂಬ ಸಣ್ಣ ಕೀಟವೂ ಅದನ್ನು ಹೊರುವುದೆಂಬುದು 1967ರಲ್ಲಿ ಭಾರತದಲ್ಲಿಯೇ ಸಿದ್ಧವಾಯಿತು. ಇದರೊಡನೆ ಟ್ರಿಸ್ಟೆಜಾ ವೈರಸ್ಸು, ಬೇರುಕೊಳೆತ. ಒಂದೇ ಶತ್ರುವನ್ನು ಹೆಸರಿಸಿ ಸುಮ್ಮನಾಗುವಂತಿಲ್ಲ.

ಹೀಗಿರಲು, ಹಳೆಯ ಹಿತ್ತಲುಗಳಲ್ಲಿ ಉಳಿದಿರುವ ಒಂಟಿ ಮರಗಳನ್ನು ಕೇವಲ ಮುದಿಮರಗಳೆಂದು ಎಣಿಸಬಾರದು. ಈ ರೋಗಗಳು ಬೀಜದ ಮೂಲಕ ಸಾಮಾನ್ಯವಾಗಿ ದಾಟುವುದಿಲ್ಲವಾದಕಾರಣ, ನರಳುತ್ತಿರುವ ತಾಯಿಯಿಂದಲೂ ನಿರೋಗಿಯಾದ ಮಗುವನ್ನು ಪಡೆಯುವುದು ಸಾಧ್ಯ. ಮರ ಒಣಗಿದ ಮೇಲೆ ಈ ಉಪಾಯವಿಲ್ಲ.

ಮಾಗಿದ ಹಣ್ಣಿನ ಬೀಜವನ್ನು ತೊಳೆದು, ನೆರಳಿನಲ್ಲಿ ತೇವವಾರಿಸಿ, ಕೆಲವೇ ದಿನಗಳೊಳಗೆ ಬಿತ್ತಬೇಕು; ಬಿಸಿಲಿನಲ್ಲಿ ಒಣಗಿಸಿಟ್ಟ ಬೀಜವು ಸತ್ತಂತೆಯೇ. ಮೊಳೆತವುಗಳಲ್ಲಿ ತೀರ ಕುಬ್ಜವಾದುದನ್ನೂ ಎಲೆಯ ರೂಪ ಬೇರೆಯಾದುದನ್ನೂ ಕಿತ್ತು, ಒಂದೇ ತೆರನಾಗಿ ಪುಷ್ಟವಾದವುಗಳನ್ನು ಉಳಿಸಿಕೊಳ್ಳುವುದು ವಾಡಿಕೆ. ಕೀಟ ನುಸುಳದ ಬಲೆಯಡಿಯಲ್ಲಿ ಅವನ್ನು ಬೆಳೆಸುವುದು ಲೇಸು. ನೆಟ್ಟವನು ಮೊದಲ ಹಣ್ಣಿಗೆ ಆರೇಳು ವರ್ಷ ಕಾಯಬೇಕಾದೀತು.